ಗೆಳತಿಗೆ ನೌಕರಿ ಸಿಕ್ಕಿತು, ನನಗೆ ಹೊಟ್ಟೆ ಉರಿಯುತ್ತಿದೆ. ಏನು ಮಾಡಲಿ?

ಪ್ರಶ್ನೆ: ಮಾನ್ವಿ ಹುಡುಗಿ

ನನಗೆ 29 ವರ್ಷ. ಊರು ಮಾನ್ವಿ ತಾಲೂಕಿನ ಒಂದು ಹಳ್ಳಿ, ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಹತ್ತಿ, ತೊಗರಿ. ನಾಲ್ಕು ವರ್ಷದಿಂದ ರಾಯಚೂರಿನಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತ ಅಧಿಕಾರಿ, ಕರೆದ ಸರ್ಕಾರಿ ನೌಕರಿಗೆಲ್ಲಾ ಅರ್ಜಿ ಹಾಕಿದ್ದೇನೆ.

ರೂಮಿನಲ್ಲಿ ನಾವಿಬ್ಬರು ಇದ್ದೆವು. ಅವಳು ಡಿಗ್ರಿಯಿಂದ ನನ್ನ ಜೊತೆ ಇದ್ದವಳು. ಒಂದೇ ಸ್ಟೋವ್, ಒಂದೇ ಕೂಲರ್, ಒಂದೇ ಸೆಟ್ ಪುಸ್ತಕ. ಅವಳು ಭೂಗೋಳ ಓದಿ ನನಗೆ ಹೇಳುತ್ತಿದ್ದಳು, ನಾನು ಸಂವಿಧಾನ ಓದಿ ಅವಳಿಗೆ ಹೇಳುತ್ತಿದ್ದೆ. ಸಂಜೆ ಮಾವಿನ ಕೆರೆ ಕಡೆ ನಡೆಯುತ್ತಾ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆವು. ಬೇಸಿಗೆಯಲ್ಲಿ ನಮ್ಮ ರೂಮಿನ ಗೋಡೆ ರಾತ್ರಿ ಹನ್ನೊಂದಕ್ಕೂ ಕಾದೇ ಇರುತ್ತದೆ. ಒದ್ದೆ ಟವೆಲ್ ಕೊರಳಿಗೆ ಸುತ್ತಿಕೊಂಡು ಓದಿದ್ದೇವೆ.

2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ ಸಾವಿರ ಹುದ್ದೆ ಕರೆದರಲ್ಲ, ಇಬ್ಬರೂ ಬರೆದೆವು. ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಇಬ್ಬರೂ ಪಾಸಾದೆವು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂತು. ನನ್ನದು ಬರಲಿಲ್ಲ. ನಮ್ಮಿಬ್ಬರ ನಡುವೆ ಎರಡೂವರೆ ಅಂಕ.

ಅವಳು ಪೇಡಾ ಡಬ್ಬಿ ಹಿಡಿದು ಓಡಿ ಬಂದಳು. ಮೊದಲ ಪೇಡಾ ನನ್ನ ಬಾಯಿಗೇ ಇಟ್ಟಳು. ನಾನು ನಕ್ಕೆ, ತಬ್ಬಿಕೊಂಡೆ. ಬಾಯಲ್ಲಿ ಪೇಡಾ ಕರಗುತ್ತಿತ್ತು, ಎದೆಯಲ್ಲಿ ಖಾರ ಅರೆದ ಹಾಗೆ ಉರಿಯುತ್ತಿತ್ತು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಸೋತೆ ಅಂತ ಅಲ್ಲ. ಆ ಪಟ್ಟಿಯಲ್ಲಿ ಅವಳ ಹೆಸರೂ ಇರಬಾರದಿತ್ತು ಅಂತ ನನಗೆ ಅನ್ನಿಸಿತ್ತು. ಹಾಗೆ ಅನ್ನಿಸಿದ್ದಕ್ಕೆ ಅತ್ತೆ.

ಈಗ ಅವಳು ಲಿಂಗಸುಗೂರು ಕಡೆ ಕೆಲಸದಲ್ಲಿದ್ದಾಳೆ. ಮೂರು ತಿಂಗಳಿಂದ ನಾನು ಅವಳ ಫೋನ್ ಎತ್ತಿಲ್ಲ. ಮೊದಮೊದಲು ದಿನಾ ಮಾಡುತ್ತಿದ್ದಳು. ಈಗ ವಾರಕ್ಕೊಂದು. ಫೋನ್ ರಿಂಗಾಗುತ್ತಾ ಇರುವಾಗ ಅದನ್ನು ದಿಂಬಿನ ಕೆಳಗೆ ಇಟ್ಟು ಸುಮ್ನೆ ಕೂರುತ್ತೇನೆ. ನಿಂತ ಮೇಲೆ ಒಂದು ನಿಮಿಷ ನಿರಾಳ. ಆಮೇಲೆ ಮತ್ತೆ ಸಂಕಟ.

ಊರಿಗೆ ಹೋದರೆ "ಆಕೀದಾತು, ನಿಂದ್ಯಾವಾಗ ಬೇ?" ಅನ್ನುತ್ತಾರೆ. ಬೆಂಗಳೂರಿನ ಚಿಕ್ಕಪ್ಪ "ನಿಮಗೆ 371ಜೆ ಇದೆಯಲ್ಲ, ಆದರೂ ಆಗಲಿಲ್ವಾ" ಅಂದರು. 2013ರಲ್ಲಿ ಸಂವಿಧಾನದ ಆ ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದ್ದು ನಿಜ. ಆದರೆ ಆ ಮೀಸಲಿನ ಒಳಗೂ ನಮ್ಮ ನಮ್ಮಲ್ಲೇ ಪೈಪೋಟಿ ಇದೆ ಅನ್ನುವುದು ಅವರಿಗೆ ಗೊತ್ತಿಲ್ಲ. ನಾನು ಏನೂ ಹೇಳಲಿಲ್ಲ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ.

ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಪುಸ್ತಕದ ಒಂದೇ ಪುಟ ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಒಮ್ಮೊಮ್ಮೆ ಬೆಳಗಾಗುವುದೇ ಬೇಡ ಅನ್ನಿಸುತ್ತದೆ.

ಈ ಹೊಟ್ಟೆಕಿಚ್ಚು ಹೋಗಿಸುವುದು ಹೇಗೆ? ನನಗೆ ನೆರಳಾಗಿದ್ದವಳ ಮೇಲೆ ಹೀಗೆ ಅನ್ನಿಸುತ್ತದೆ ಅಂದರೆ ನಾನು ಕೆಟ್ಟವಳೇ ಅಲ್ವಾ?

ಉತ್ತರ 1: ಗಂಗಾವತಿ ಗೆಳೆಯ

ತಂಗಿ, ಕೆಟ್ಟ ವಿಚಾರ ತಲೆಗೆ ಬಂದ ಕೂಡಲೇ ತೆಗೆದು ಹಾಕಬೇಕು. ಬೆಳಗ್ಗೆ ಎದ್ದು ಧ್ಯಾನ ಮಾಡಿ. ನಾನು ಪ್ರತಿ ಶನಿವಾರ ಅಂಜನಾದ್ರಿ ಮೆಟ್ಟಿಲು ಹತ್ತುತ್ತೇನೆ, ಮನಸ್ಸು ಹಗುರಾಗುತ್ತದೆ. ನಿಮ್ಮ ಶ್ರಮಕ್ಕೆ ಫಲ ಸಿಕ್ಕೇ ಸಿಗುತ್ತದೆ.

ಉತ್ತರ 2: ಭಾಗ್ಯನಗರದ ಅಕ್ಕ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ನಾನು ಕೊಪ್ಪಳದ ಪಕ್ಕ ಭಾಗ್ಯನಗರದವಳು. ಓದಿದ್ದು ಏಳನೇ ಕ್ಲಾಸು. ಮಗನಂತಿರುವ ಹುಡುಗನ ಕೈಯಲ್ಲಿ ಇದನ್ನು ಬರೆಸುತ್ತಿದ್ದೇನೆ. ಅವನು ಯಾರು ಅಂತ ಕೊನೆಗೆ ಹೇಳುತ್ತೇನೆ.

ನನಗೆ ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ನನ್ನ ಮೈದುನನಿಗೆ ಮದುವೆಯಾಯಿತು. ನೆಗೆಣ್ಣಿ ಬಂದ ವರ್ಷದೊಳಗೇ ಗಂಡು ಕೂಸು ಹಡೆದಳು. ತೊಟ್ಟಿಲು ಹಾಕುವ ದಿನ ಓಣಿಯ ಹೆಂಗಸರೆಲ್ಲಾ ಸೇರಿದ್ದರು. ನನಗೆ ಹಾಡು ಚೆನ್ನಾಗಿ ಬರುತ್ತದೆ ಅಂತ ಜೋಗುಳ ಹಾಡಲು ಕೂರಿಸಿದರು. ಎರಡು ನುಡಿ ಹಾಡಿದೆ. ಮೂರನೆಯದು ಗಂಟಲಿನಿಂದ ಬರಲಿಲ್ಲ. ನೀರು ಕುಡಿದು ಬರುತ್ತೇನೆ ಅಂತ ಹಿತ್ತಲಿಗೆ ಹೋದೆ.

ಅಲ್ಲಿಂದ ಒಂದೂವರೆ ವರ್ಷ ನಾನು ಆ ಕೂಸನ್ನು ಎತ್ತಿಕೊಳ್ಳಲಿಲ್ಲ. ಒಂದೇ ಮನೆ, ಒಂದೇ ಒಲೆ. ಕೂಸು ಅಂಬೆಗಾಲಿಟ್ಟು ನನ್ನ ಸೀರೆ ಹಿಡಿದರೆ ಬಿಡಿಸಿಕೊಂಡು ಹೋಗುತ್ತಿದ್ದೆ. ರಾತ್ರಿ ನನ್ನನ್ನು ನಾನೇ ಬಯ್ದುಕೊಳ್ಳುತ್ತಿದ್ದೆ. ದೇವರು ನನಗೆ ಕೂಸು ಕೊಡದಿದ್ದದ್ದೇ ಸರಿ, ಇಂಥ ಮನಸ್ಸಿನವಳಿಗೆ ಯಾಕೆ ಕೊಡಬೇಕು ಅಂತ. ನೀನು ಈಗ ನಿನ್ನನ್ನು ಕೆಟ್ಟವಳು ಅಂದುಕೊಳ್ಳುತ್ತೀಯಲ್ಲ, ಅದೇ.

ಒಂದು ದಿನ ತಡೆಯಲಾಗದೆ ಅತ್ತೆಗೆ ಹೇಳಿದೆ. "ಅತ್ತಿ, ಆ ಕೂಸು ನೋಡಿದ್ರ ನನಗ ಸಂಕಟ ಆಗ್ತೈತಿ" ಅಂದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ಆಗಲಿಕ್ಕೇ ಬೇಕಲ್ಲವ್ವ, ಒಂಬತ್ತು ವರ್ಷದ ಆಸೆ ಐತಿ. ಆಗ್ಲಿ ಬಿಡು. ಎತ್ಕೊಬೇಕು ಅನಿಸಿದ ದಿನ ಎತ್ಕೋ" ಅಂದಳು. ಅಷ್ಟೇ. ಉಪದೇಶ ಮಾಡಲಿಲ್ಲ.

ಅವತ್ತು ನನಗೆ ತಿಳಿಯಿತು. ನನಗೆ ಆ ಕೂಸಿನ ಮೇಲೆ ದ್ವೇಷ ಇರಲಿಲ್ಲ. ನನಗೂ ಬೇಕಿತ್ತು, ಅಷ್ಟೇ. ನಿನಗೂ ಗೆಳತಿಯ ನೌಕರಿ ಕಿತ್ತುಕೊಳ್ಳಬೇಕು ಅಂತ ಇಲ್ಲ. ನಿನಗೂ ಬೇಕು. ನಾಲ್ಕು ವರ್ಷ ಒದ್ದೆ ಟವೆಲ್ ಸುತ್ತಿಕೊಂಡು ಓದಿದವಳಿಗೆ ಬೇಕು ಅನ್ನಿಸದೆ ಇನ್ನೇನು ಅನ್ನಿಸಬೇಕು?

ನನ್ನ ಕೆಲಸ ಕೂದಲು ಬಿಡಿಸುವುದು. ಊರೂರು ತಿರುಗಿ ಕೊಂಡು ತಂದ ಉದುರು ಕೂದಲು ನಮ್ಮಲ್ಲಿಗೆ ಉಂಡೆ ಉಂಡೆಯಾಗಿ ಬರುತ್ತದೆ. ಹೊಸದಾಗಿ ಬಂದ ಹುಡುಗಿಯರು ಸಿಟ್ಟಿನಿಂದ ಎಳೆಯುತ್ತಾರೆ. ಎಳೆದರೆ ಹರಿಯುತ್ತದೆ, ಹರಿದ ಕೂದಲಿಗೆ ಬೆಲೆ ಇಲ್ಲ. ಮಡಿಲಲ್ಲಿ ಇಟ್ಟುಕೊಂಡು ಸೂಜಿಯಿಂದ ಸಡಿಲ ಮಾಡುತ್ತಾ ಹೋಗಬೇಕು. ಕೆಲವು ಉಂಡೆ ಇಡೀ ದಿನ ಹಿಡಿಯುತ್ತದೆ. ನಿನ್ನ ಮನಸ್ಸನ್ನು ಹಾಗೆ ಮಡಿಲಲ್ಲಿ ಇಟ್ಟುಕೋ ತಂಗಿ. ಎಳೆಯಬೇಡ.

ನನಗೆ ಕೊನೆಗೂ ಮಕ್ಕಳಾಗಲಿಲ್ಲ. ಆ ಸಂಕಟ ಪೂರ್ತಿ ಹೋಗಿಲ್ಲ. ಯಾರದಾದರೂ ಸೀಮಂತಕ್ಕೆ ಹೋದರೆ ಈಗಲೂ ಒಂದು ಗಳಿಗೆ ಬರುತ್ತದೆ, ಕೂತು ಎದ್ದು ಹೋಗುತ್ತದೆ. ಈ ಪತ್ರ ಬರೆಯುತ್ತಿರುವವನು ಆ ಕೂಸೇ. ಈಗ ಒಂಬತ್ತನೇ ಕ್ಲಾಸು. ದಿನಾ ರಾತ್ರಿ ಊಟ ನನ್ನ ಮನೆಯಲ್ಲೇ.

ಉತ್ತರ 3: ಬಳ್ಳಾರಿ ನರ್ಸ್

ನಾನು ಮಾನಸಿಕ ಆರೋಗ್ಯದ ವಿಭಾಗದಲ್ಲಿ ಹದಿಮೂರು ವರ್ಷದಿಂದ ನರ್ಸ್. ಸಿರುಗುಪ್ಪ, ಸಂಡೂರು ಕಡೆ ಜಾಸ್ತಿ ಓಡಾಡಿದ್ದೇನೆ.

ತಂಗಿ, ಮೊದಲು ನಿಮ್ಮ ಒಂದು ಸಾಲಿನ ಬಗ್ಗೆ ಕೇಳುತ್ತೇನೆ. "ಬೆಳಗಾಗುವುದೇ ಬೇಡ ಅನ್ನಿಸುತ್ತದೆ" ಅಂತ ಬರೆದಿದ್ದೀರಿ. ಸಾಯಬೇಕು ಅಂತ ಅನ್ನಿಸುತ್ತದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ? ನೇರವಾಗಿ ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅಂತ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದರೆ ಎದೆ ಹಗುರಾಗುವುದೇ ಜಾಸ್ತಿ. ಹೌದು ಅಂತಿದ್ದರೆ ಇವತ್ತು ರಾತ್ರಿ ಒಬ್ಬರೇ ಇರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರು ಗಂಟೆಗೂ ಯಾರಾದರೂ ಎತ್ತುತ್ತಾರೆ.

ಈಗ ಹೊಟ್ಟೆಕಿಚ್ಚಿನ ವಿಷಯ. ಗಂಗಾವತಿ ಅಣ್ಣ ಕೆಟ್ಟ ವಿಚಾರ ತೆಗೆದು ಹಾಕಿ ಅಂದರು. ಪ್ರೀತಿಯಿಂದ ಹೇಳಿದ್ದಾರೆ, ಮೆಟ್ಟಿಲು ಹತ್ತುವುದು ಮೈಗೂ ಮನಸ್ಸಿಗೂ ಒಳ್ಳೆಯದೇ. ಆದರೆ ವಿಚಾರವನ್ನು ತಳ್ಳುವುದು ಅಷ್ಟು ಸುಲಭವಲ್ಲ. 1987ರಲ್ಲಿ ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದಾಗಲೆಲ್ಲಾ ಗಂಟೆ ಬಾರಿಸಿ ಅಂದರು. ಗಂಟೆ ಬಡಿಯುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲು ತಡೆಹಿಡಿದವರಿಗೇ ಕರಡಿ ಜಾಸ್ತಿ ನೆನಪಾಯಿತು. ನೀವು ಮೂರು ತಿಂಗಳಿಂದ ಒಂದು ಕರಡಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀರಿ.

ಅದಕ್ಕೆ ಮೊದಲ ಕೆಲಸ ಹೆಸರಿಡುವುದು. ನಾವು ಎಲ್ಲವನ್ನೂ "ಬೇಜಾರು" ಅನ್ನುವ ಒಂದೇ ಚೀಲಕ್ಕೆ ತುಂಬುತ್ತೇವೆ. ಬಿಚ್ಚಿ ನೋಡಿ. ಪೇಡಾ ತಿಂದಾಗ ಆದದ್ದು ಹೊಟ್ಟೆಕಿಚ್ಚು. ಬಾತ್‌ರೂಮಿನಲ್ಲಿ ಆದದ್ದು ನಾಚಿಕೆ. ಚಿಕ್ಕಪ್ಪನ ಮಾತಿಗೆ ಆದದ್ದು ಅವಮಾನ. ಎರಡೂವರೆ ಅಂಕಕ್ಕೆ ಆಗುವುದು ಹಳಹಳಿ. ಮೂರು ಗಂಟೆಗೆ ಎಚ್ಚರ ಮಾಡುವುದು ಮುಂದೇನು ಅನ್ನುವ ದಿಗಿಲು. ಇದೆಲ್ಲದರ ಕೆಳಗೆ ಗೆಳತಿ ಇಲ್ಲದ ಒಂಟಿತನವೂ ಇರಬಹುದು. ನಿಖರವಾಗಿ ಹೆಸರಿಟ್ಟರೆ ಭಾವನೆಯ ಬಿರುಸು ಸ್ವಲ್ಪ ಇಳಿಯುತ್ತದೆ. ಒಂದೊಂದಕ್ಕೆ ಬೇರೆ ಬೇರೆ ಮದ್ದು ಬೇಕು ಅಂತಲೂ ಗೊತ್ತಾಗುತ್ತದೆ. ದಿಗಿಲಿಗೆ ಯೋಜನೆ ಬೇಕು, ಒಂಟಿತನಕ್ಕೆ ಮನುಷ್ಯರು ಬೇಕು.

ಎರಡನೆಯದು ಆ ಫೋನ್. ಎತ್ತದೆ ಬಿಟ್ಟಾಗ ಒಂದು ನಿಮಿಷ ನಿರಾಳ ಅಂದಿರಲ್ಲ, ಆ ನಿರಾಳವೇ ಗಂಟು. ತಪ್ಪಿಸಿಕೊಂಡಾಗಲೆಲ್ಲಾ ತಲೆ "ಓಹೋ, ಇದು ಅಪಾಯ, ತಪ್ಪಿಸಿಕೊಂಡಿದ್ದಕ್ಕೆ ಬದುಕಿದೆ" ಅಂತ ಕಲಿಯುತ್ತದೆ. ಮುಂದಿನ ಸಲ ಇನ್ನೂ ಜಾಸ್ತಿ ಹೆದರುತ್ತದೆ. ಅದಕ್ಕೆ ಮೊದಲು ಸಣ್ಣದರಿಂದ ಶುರು ಮಾಡಿ. ಒಂದು ಸಾಲಿನ ಮೆಸೇಜ್ ಸಾಕು.

ರಾತ್ರಿ ಎಚ್ಚರವಾದಾಗ ಹಾಸಿಗೆಯಲ್ಲೇ ಹೊರಳಾಡುತ್ತಾ ಗಡಿಯಾರ ನೋಡಬೇಡಿ. ಎದ್ದು ಕೂತು ಉಸಿರು ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ ಬಿಡಿ. ಹೊರಗೆ ಬಿಡುವುದು ಉದ್ದ ಇರಬೇಕು, ಆಗ ಎದೆಬಡಿತ ನಿಧಾನಕ್ಕೆ ಇಳಿಯುತ್ತದೆ. ತಲೆಯಲ್ಲಿ ತಿರುಗುತ್ತಿರುವುದನ್ನು ಹಾಳೆಯಲ್ಲಿ ಬರೆದು ಮಡಚಿಡಿ. ಎಷ್ಟೇ ಕಡಿಮೆ ನಿದ್ದೆ ಆದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳಿ, ಮಧ್ಯಾಹ್ನ ಮಲಗಬೇಡಿ. ಮತ್ತೆ, ಮನಸ್ಸು ಸರಿಯಾದ ಮೇಲೆ ಮಾವಿನ ಕೆರೆ ಕಡೆ ಹೋಗುತ್ತೇನೆ ಅಂತ ಕಾಯಬೇಡಿ. ಮೊದಲು ಹೋಗಿ. ಮನಸ್ಸು ಹಿಂದಿನಿಂದ ಬರುತ್ತದೆ.

ಆದರೆ ನಿಮ್ಮದು ಬರೀ ಹೊಟ್ಟೆಕಿಚ್ಚು ಅಂತ ನನಗೆ ಅನ್ನಿಸುತ್ತಿಲ್ಲ. ನಿದ್ದೆ, ಊಟ, ಗಮನ, ಆಸೆ ಎಲ್ಲವೂ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ ವೈದ್ಯರು ಒಮ್ಮೆ ನೋಡಲೇಬೇಕು. ಅದು ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯ್ಡ್ ಏರುಪೇರು ಇದ್ದರೂ ಹೀಗೇ ಕಾಣಿಸುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ. ನಿಮಗೆ ರಾಯಚೂರಿನಲ್ಲೇ ರಿಮ್ಸ್, ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಲ್ಲಿ ಮನೋವೈದ್ಯರ ವಿಭಾಗ ಇದೆ. ಊರಲ್ಲಿರುವವರಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ವೈದ್ಯರು ಬರುತ್ತಾರೆ.

ಇನ್ನೊಂದು ಮಾತು, ಇದನ್ನು ನಾನು ಹೋದಲ್ಲೆಲ್ಲಾ ಹೇಳುತ್ತೇನೆ. ನಮ್ಮ ಕಡೆ ಮನಸ್ಸಿನ ಕಾಯಿಲೆಗೆ ತೋರಿಸುವುದು ಅಂದರೆ ದೂರದ ಬೆಂಗಳೂರು, ನಿಮ್ಹಾನ್ಸ್ ಅಂದುಕೊಳ್ಳುತ್ತಾರೆ. 1985ರಿಂದ 1990ರವರೆಗೆ ಆ ನಿಮ್ಹಾನ್ಸ್‌ನವರೇ ನಮ್ಮ ಬಳ್ಳಾರಿ ಜಿಲ್ಲೆಗೆ ಬಂದಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಔಷಧಿ ಸಿಗುವ ಹಾಗೆ ಮಾಡಿದರು. ಅದು ನಡೆಯುತ್ತದೆ ಅಂತ ಇಲ್ಲಿ ಗೊತ್ತಾದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. ನಮ್ಮದೇ ಮಣ್ಣಿನಲ್ಲಿ ಹುಟ್ಟಿದ್ದನ್ನು ಬಳಸಲು ನಾಚಿಕೆ ಯಾಕೆ?

ಮಾನ್ವಿ ಹುಡುಗಿ

ಅಣ್ಣಾ, ಸಾಯಬೇಕು ಅಂತ ಯೋಚನೆ ಮಾಡಿಲ್ಲ. ಏಳದೆ ಇದ್ದರೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲವಲ್ಲ ಅನ್ನಿಸುತ್ತದೆ, ಅಷ್ಟೇ. ಆಸ್ಪತ್ರೆಗೆ ಹೋಗಲು ಒಂದು ಭಯ ಇದೆ. ಅಲ್ಲಿ ಚೀಟಿ ಮಾಡಿಸಿದರೆ ನಾಳೆ ನೌಕರಿ ಸಿಕ್ಕಾಗ ತೊಂದರೆ ಆಗುತ್ತದೆಯಾ? ಅಕ್ಕಾ, ನಿಮ್ಮ ಪತ್ರ ಓದಿ ಬಹಳ ಹೊತ್ತು ಅತ್ತೆ. ಆ ಹುಡುಗನಿಗೂ ಹೇಳಿ.

ಬಳ್ಳಾರಿ ನರ್ಸ್

ಉತ್ತರ ಕೊಟ್ಟಿದ್ದು ಒಳ್ಳೆಯದಾಯಿತು. ಆ ಅನ್ನಿಸಿಕೆಯನ್ನು ವೈದ್ಯರಿಗೂ ಇದೇ ಮಾತಿನಲ್ಲಿ ಹೇಳಿ, ಮುಚ್ಚಿಡಬೇಡಿ. ಗುಟ್ಟಿನ ಬಗ್ಗೆ ಹೇಳುವುದಾದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿವರ ಗೋಪ್ಯವಾಗಿ ಇರಬೇಕು ಅನ್ನುವುದು ರೋಗಿಯ ಹಕ್ಕು. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಕೊಡುವಂತಿಲ್ಲ. ಔಷಧಿ ಕೊಟ್ಟರೆ ಎರಡರಿಂದ ನಾಲ್ಕು ವಾರ ಗುಣ ಕಾಣಿಸದೆ ಇರಬಹುದು. ಕೆಲಸ ಮಾಡುತ್ತಿಲ್ಲ ಅಂತ ನೀವೇ ನಿಲ್ಲಿಸಬೇಡಿ.

ಉತ್ತರ 4: ಸಂಡೂರಿನ ಕಂದಾಯದವನು

ನಾನು ಆ ಕಡೆಯವನು. ಅಂದರೆ ಪೇಡಾ ಹಿಡಿದು ಹೋದವನು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ನೌಕರಿ ಆಗಿ ಆರು ವರ್ಷ ಆಯಿತು. ನನ್ನ ಜೊತೆ ಓದಿದ ಗೆಳೆಯ ಆಮೇಲೆ ಮಾತು ಬಿಟ್ಟ. ಜಗಳ ಇಲ್ಲ, ಏನಿಲ್ಲ. ಸುಮ್ನೆ ಬಿಟ್ಟ. ನಾನು ಕಾರಣ ಹುಡುಕುತ್ತಾ ಹೋದೆ. ಅವತ್ತು ಜೋರಾಗಿ ನಕ್ಕೆನಾ? ಹೊಸ ಬೈಕಿನ ಫೋಟೋ ಹಾಕಬಾರದಿತ್ತಾ? ಮೊದಲ ಪೋಸ್ಟಿಂಗ್‌ನಲ್ಲಿ ನನಗೆ ಪರಿಚಯದವರು ಒಬ್ಬರೂ ಇರಲಿಲ್ಲ. ಬೆಳಗಿನಿಂದ ಪಹಣಿ, ಬೆಳೆ ಸಮೀಕ್ಷೆ, ಜನರ ಜಗಳ. ರಾತ್ರಿ ರೂಮಿಗೆ ಬಂದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಒಬ್ಬನೇ ತಿನ್ನುತ್ತಿದ್ದೆ. ಯಾರಿಗಾದರೂ ಹೇಳೋಣ ಅಂದರೆ ಅವನೇ ನೆನಪಾಗುತ್ತಿದ್ದ. ನೌಕರಿ ಸಿಕ್ಕವನು ಕಷ್ಟ ಹೇಳಿಕೊಂಡರೆ ಸಿಗದವನಿಗೆ ಹೇಗೆ ಅನ್ನಿಸುತ್ತದೆ ಅಂತ ಸುಮ್ಮನಾಗುತ್ತಿದ್ದೆ.

ಅವನಿಗೆ ಹೊಟ್ಟೆಕಿಚ್ಚು ಆಗಿತ್ತು ಅಂತ ಬಹಳ ತಡವಾಗಿ ಗೊತ್ತಾಯಿತು, ಅದೂ ಬೇರೆಯವರಿಂದ. ಸತ್ಯ ಹೇಳುತ್ತೇನೆ ಅಕ್ಕಾ, ಅದು ಗೊತ್ತಾದಾಗ ನನಗೆ ಬೇಸರ ಆಗಲಿಲ್ಲ. ಇಷ್ಟೇನಾ ಅನ್ನಿಸಿತು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಆಗುತ್ತಿತ್ತು. ಆರು ವರ್ಷ ನೋಯಿಸಿದ್ದು ಅವನ ಮೌನ. ನಿಮ್ಮ ಗೆಳತಿ ಇನ್ನೂ ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದಾಳೆ. ನಾನು ನಾಲ್ಕನೇ ತಿಂಗಳಿಗೆ ನಿಲ್ಲಿಸಿಬಿಟ್ಟಿದ್ದೆ.

ಮಾನ್ವಿ ಹುಡುಗಿ

ಇಪ್ಪತ್ತೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನರ್ಸ್ ಅಣ್ಣ ಹೇಳಿದ ಮರುದಿನ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಎಲ್ಲಾ ಕೇಳಿದರು. ಅವರೇ ಧೈರ್ಯ ಹೇಳಿದ ಮೇಲೆ ರಿಮ್ಸ್‌ಗೆ ಹೋದೆ. ಖಿನ್ನತೆ ಇದೆ ಅಂದರು. ಹಿಮೋಗ್ಲೋಬಿನ್ 8.7 ಇತ್ತು, ಅದಕ್ಕೂ ಮಾತ್ರೆ ಕೊಟ್ಟಿದ್ದಾರೆ. ಮೊದಲ ವಾರ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು, ಈಗ ಇಲ್ಲ. ನಿದ್ದೆ ಈಗ ಐದರವರೆಗೆ ಬರುತ್ತಿದೆ.

ಗೆಳತಿಗೆ ಮೆಸೇಜ್ ಬರೆದು ಬರೆದು ಅಳಿಸಿದೆ. ಕೊನೆಗೆ ಭಾನುವಾರ ಅವಳೇ ಫೋನ್ ಮಾಡಿದಳು. ಕೈ ಬೆವರುತ್ತಿತ್ತು. ಎತ್ತಿದೆ. ಯೋಚಿಸಿಕೊಂಡಿದ್ದ ಮಾತೆಲ್ಲಾ ಮರೆತು ಹೋಯಿತು. "ನನಗ ನಿನ್ನ ಮ್ಯಾಲೆ ಹೊಟ್ಟೆಕಿಚ್ಚಾಗೇತಿ, ಅದಕ್ಕ ಎತ್ತಲಿಲ್ಲ" ಅಂದೆ.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ "ನನಗ ಗೊತ್ತಿತ್ತು ಬೇ. ನಿನ್ನ ಬಾಯಿಗೆ ಪೇಡಾ ಇಡುವಾಗ ನನ್ನ ಕೈನೂ ನಡುಗ್ತಿತ್ತು" ಅಂದಳು. ಇಬ್ಬರೂ ಅತ್ತೆವು. ಅವಳಿಗೂ ಅಲ್ಲಿ ಯಾರೂ ಇಲ್ಲವಂತೆ. ಸಂಡೂರಿನ ಅಣ್ಣ ಬರೆದ ಹಾಗೇ.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಮಾತಿನ ಮಧ್ಯೆ ಅವಳು ಸಂಬಳದಲ್ಲಿ ಅವ್ವನಿಗೆ ಕಿವಿಯೋಲೆ ಕೊಡಿಸಿದ್ದು ಹೇಳಿದಳು. ಮತ್ತೆ ಎದೆಯಲ್ಲಿ ಅದೇ ಉರಿ. ನನ್ನ ಅವ್ವ ಇನ್ನೂ ಹತ್ತಿ ಬಿಡಿಸಲು ಹೋಗುತ್ತಾಳೆ. ಈ ಸಲ ನಗಲಿಲ್ಲ. "ಒಂದೀಟು ತಡಿ, ಉರೀತೈತಿ" ಅಂದೆ. ಅವಳು ಸುಮ್ಮನಾದಳು. ನಾನು ಎಣಿಸುತ್ತಾ ಉಸಿರು ಬಿಟ್ಟೆ. ಎರಡು ಮೂರು ನಿಮಿಷ ಆಗಿರಬೇಕು. "ಹ್ಞೂಂ, ಈಗ ಹೇಳು, ಎಂಥಾ ಓಲೆ?" ಅಂದೆ.

ಮುಂದಿನ ಶನಿವಾರ ಅವಳು ರಾಯಚೂರಿಗೆ ಬರುತ್ತಾಳೆ. ನಕ್ಷೆಯ ಪುಸ್ತಕ ಅವಳ ಚೀಲದಲ್ಲೇ ಹೋಗಿತ್ತು, ತಗೊಂಡು ಬಾ ಅಂದಿದ್ದೇನೆ.